ದೊರೆಗೊಬ್ಬರು ಡಾಕ್ಟರು

ಯಜಮಾನರಿಗೆ ಅಧಿಕಾರ ಸಿಕ್ಕಿತು!

ಹದಿನಾಲ್ಕು ವರ್ಷಗಳಿಂದ ಹಾಲಿನವನು, ಪೇಪರಿನವನು, ಪಕ್ಕದ ಮನೆಯವರು, ಕಡೆಗೆ ಸ್ವಂತ ಅತ್ತೆ ಕೂಡ ಅವರನ್ನು 'ಯಜಮಾನರು' ಎಂದೇ ಕರೆಯುತ್ತಿದ್ದರು, ನಿಜ. ಆದರೆ ಬಿರುದು ಬೇರೆ, ಅಧಿಕಾರ ಬೇರೆ. ಕಿಟಕಿ ಪರದೆಗೆ ಯಾವ ಬಣ್ಣ, ಸೋಫಾ ಯಾವ ಗೋಡೆಗೆ, ಯಜಮಾನರ ತಲೆಗೂದಲು ಎಷ್ಟು ಗಿಡ್ಡ, ಎಲ್ಲವೂ ಹೆಂಡತಿಯ ತೀರ್ಮಾನ. ಆಕೆ ಒಂದನೇ ತರಗತಿಯ ಮೇಡಂ. ಐವತ್ತು ಮಕ್ಕಳನ್ನು ಒಂದೇ ಮಾತಿಗೆ ಸುಮ್ಮನಾಗಿಸುವವರು. ಐವತ್ತೊಂದನೆಯವರು ಯಾವ ಲೆಕ್ಕ ಹೇಳಿ!

ಹಾಗೆಂದು ನಮ್ಮ ಯಜಮಾನರು ಸಾಮಾನ್ಯರಲ್ಲ. ಫ್ಯಾನ್ ಕಾರ್ಖಾನೆಯಲ್ಲಿ ತಪಾಸಣಾಧಿಕಾರಿಗಳು. ಅವರು ಮುದ್ರೆ ಒತ್ತದೆ ಒಂದೇ ಒಂದು ಫ್ಯಾನು ಗೇಟು ದಾಟುವಂತಿಲ್ಲ. (ಮನೆಯಲ್ಲಿ ಅವರ ನೆತ್ತಿಯ ಮೇಲೆ ತಿರುಗುವ ಫ್ಯಾನಿನ ವೇಗವನ್ನು ಮಾತ್ರ ಅತ್ತೆಯವರು ನಿರ್ಧರಿಸುತ್ತಿದ್ದರು.)

ಇಂಥ ಮನೆಯಲ್ಲಿ ಬುಧವಾರ ಬೆಳಿಗ್ಗೆ ಕಾಫಿ ಹೊತ್ತಿಗೆ ಆ ಪವಾಡ ನಡೆಯಿತು.

"ರೀ, ನಮ್ಮ ನಾಯಿ ಡಾಕ್ಟ್ರು ಕ್ಲಿನಿಕ್ ಮುಚ್ಚಿ ಮಗಳ ಊರಿಗೆ ಹೊರಟುಹೋದ್ರಂತೆ" ಎಂದರು ಹೆಂಡತಿ, ಮಕ್ಕಳ ಉತ್ತರಪತ್ರಿಕೆಗಳಿಂದ ತಲೆ ಎತ್ತದೆ. "ದೊರೆಗೆ ಇಂಜೆಕ್ಷನ್ ಹಾಕ್ಸೋ ತಿಂಗಳು ಬೇರೆ. ಗುಂಡಕ್ಕನ್ನೂ ಒಂದ್ಸಲ ತೋರಿಸ್ಬೇಕು. ಬೇರೆ ಯಾರನ್ನಾದ್ರೂ ಹುಡುಕ್ಬೇಕು."

ದೊರೆ ಎಂದರೆ ನಾಯಿ. ಮೂವತ್ತೆರಡು ಕಿಲೋ, ಕಂದು ಬಣ್ಣ. ಗುಂಡಕ್ಕ ಎಂದರೆ ಬೆಕ್ಕು, ಹೆಸರೇ ಎಲ್ಲ ಹೇಳುತ್ತದೆ.

"ನಾನು ಹುಡುಕ್ಲಾ?" ಎಂದುಬಿಟ್ಟರು ಯಜಮಾನರು. ಬಾಯಿ ತಪ್ಪಿ ಬಂದ ಮಾತು.

ಹೆಂಡತಿ ಕೆಂಪು ಪೆನ್ನು ಕೆಳಗಿಟ್ಟು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಸರಿ. ನೀವೇ ಹುಡುಕಿ. ನಾನು ಬಾಯಿ ಹಾಕಲ್ಲ. ಆದ್ರೆ ಶನಿವಾರದೊಳಗೆ ಆಗ್ಬೇಕು. ಆಗ್ಲಿಲ್ವೋ, ನಮ್ಮಕ್ಕ ಹೇಳಿದ ಡಾಕ್ಟ್ರೇ ಗತಿ. ಆಮೇಲೆ 'ಈ ಮನೇಲಿ ನನ್ನ ಯಾರೂ ಕೇಳಲ್ಲ' ಅಂತ ನೀವು ಗೊಣಗೋ ಹಾಗಿಲ್ಲ, ಜನ್ಮದಲ್ಲಿ!"

"ಅಳಿಯಂದ್ರಿಗೆ ಇದೆಲ್ಲ ಆಗುತ್ತಾ?" ಎಂದು ಅತ್ತೆಯವರು ಕೋಣೆಯೊಳಗಿಂದಲೇ ಸಂಶಯ ಎತ್ತಿದರು.

ಆಗುತ್ತಾ ಅಂತೆ! ಯಜಮಾನರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಶುಸಂಗೋಪನಾ ಖಾತೆ! ಇಂದು ನಾಯಿ, ನಾಳೆ ಪರದೆ, ನಾಡಿದ್ದು ಸೋಫಾ! ಇದೊಂದರಲ್ಲಿ ಗೆದ್ದರೆ ಮನೆಯಲ್ಲಿ ತಮ್ಮ ಮಾತಿಗೆ ಒಂದು ಬೆಲೆ ಬಂದೇ ಬರುತ್ತದೆ ಎಂದು ಅವರಿಗೆ ಖಾತ್ರಿಯಾಗಿಹೋಯಿತು. ಸ್ನಾನದ ಮನೆಯಲ್ಲಿ ಅಂದು ಶಿಳ್ಳೆ ಕೇಳಿಸಿತು.

ಕಾರ್ಖಾನೆಯಲ್ಲಿ ಊಟದ ವಿರಾಮದಲ್ಲಿ ಅವರು ಒಂದು ಅಂಕಪಟ್ಟಿ ತಯಾರಿಸಿದರು. ಒಟ್ಟು ನೂರು. ಶುಚಿತ್ವಕ್ಕೆ ಇಪ್ಪತ್ತು, ವಿದ್ಯೆಗೆ ಇಪ್ಪತ್ತು, ಕೈಗುಣಕ್ಕೆ ಇಪ್ಪತ್ತು, ಮನೆಯಿಂದ ದೂರಕ್ಕೆ ಹತ್ತು, ಕಾಯಿಸದೇ ಇರುವುದಕ್ಕೆ ಹತ್ತು, ನಯವಾದ ಮಾತಿಗೆ ಹತ್ತು. ಉಳಿದ ಹತ್ತು 'ಯಜಮಾನರಿಗೆ ತೋರುವ ಗೌರವ'ಕ್ಕೆ. ಫ್ಯಾನಿಗೇ ಹದಿನೇಳು ಪರೀಕ್ಷೆ ಮಾಡುವವರು ಡಾಕ್ಟರನ್ನು ಸುಮ್ಮನೆ ಬಿಡುತ್ತಾರೆಯೇ?

ಗುರುವಾರ ಸಂಜೆ ಮೊದಲನೆಯ ಕ್ಲಿನಿಕ್ಕು. ಅಬ್ಬಬ್ಬಾ, ಅದು ಕ್ಲಿನಿಕ್ಕೋ ಅರಮನೆಯೋ! ಗಾಜಿನ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಒಳಗೆ ತಣ್ಣನೆ ಗಾಳಿ, ಮೆತ್ತನೆ ಸೋಫಾ, ಮೂಲೆಯಲ್ಲಿ ದೊಡ್ಡ ಕುಂಡದಲ್ಲಿ ಹಚ್ಚಹಸಿರು ಗಿಡ. ಯಜಮಾನರು ಶುಚಿತ್ವಕ್ಕೆ ಇಪ್ಪತ್ತಕ್ಕೆ ಇಪ್ಪತ್ತು ಬರೆಯುವಷ್ಟರಲ್ಲಿ ದೊರೆ ಗಿಡದ ಬಳಿಗೆ ಚಿತ್ತೈಸಿ ಕಾಲೆತ್ತಿಯಾಗಿತ್ತು. ಗಿಡ ನಿಜವಾದದ್ದಾಗಿದ್ದರೆ ಮಣ್ಣಾದರೂ ಹೀರಿಕೊಳ್ಳುತ್ತಿತ್ತು. ಅದು ಪ್ಲಾಸ್ಟಿಕ್ಕು. ಸಣ್ಣದೊಂದು ಹೊಳೆ ಹರಿದು ಡಾಕ್ಟರ ಕೋಣೆಯ ಹೊಸ್ತಿಲು ಮುಟ್ಟಿತು.

ಡಾಕ್ಟರು ಅದನ್ನು ನೋಡಲಿಲ್ಲ. ನಾಯಿಯನ್ನೂ ನೋಡಲಿಲ್ಲ. ಕಣ್ಣು ಕಂಪ್ಯೂಟರಿನಲ್ಲೇ ನೆಟ್ಟಿತ್ತು.

"ತಳಿ?"

"ತಳಿ ಏನೂ ಇಲ್ಲ ಸಾರ್. ಬಸ್ ಸ್ಟ್ಯಾಂಡ್ ಹಿಂದೆ ಸಿಕ್ಕಿದ್ದು."

"ಬಸ್ ಸ್ಟ್ಯಾಂಡ್ ಹಿಂದೆ ಅಂತ ಪಟ್ಟೀಲಿಲ್ಲ. ತಳಿ ಹಾಕ್ದೆ ಮುಂದಕ್ಕೆ ಹೋಗಲ್ಲ ಇದು." ಅವರು ಏನೇನೋ ಒತ್ತಿದರು. ಯಂತ್ರ ಒಂದು ಕಾಗದ ಉಗುಳಿತು. ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು: ಹೆಸರು ದೊರೆ, ತೂಕ ಮೂವತ್ತೆರಡು ಕಿಲೋ, ಜಾತಿ ಮೊಲ. ಯಜಮಾನರು ವಿದ್ಯೆಗೆ ಸೊನ್ನೆ ಸುತ್ತಿ, ನಾಯಿಯನ್ನು ಎಳೆದುಕೊಂಡು ಹೊರಬಿದ್ದರು.

ಶುಕ್ರವಾರ ಎರಡನೆಯದು. ಇಲ್ಲಿನ ಹಿರಿಯ ಡಾಕ್ಟರು ಜೀವಮಾನವೆಲ್ಲ ದನಗಳ ನಡುವೆ ಕಳೆದವರು. ಬುಟ್ಟಿಯಲ್ಲಿದ್ದ ಗುಂಡಕ್ಕನನ್ನು ನೋಡಿ ಅವರ ಮುಖ ಅರಳಿತು.

"ಎಷ್ಟು ತಿಂಗಳು?"

"ಬಸುರಿ ಅಲ್ಲ ಸಾರ್. ಬರೀ ದಪ್ಪ."

"ಹಿಂಡಿ ಕಮ್ಮಿ ಮಾಡಿ. ಹಸಿಹುಲ್ಲು ಹಾಕಿ. ಮೆಲುಕು ಸರಿಯಾಗಿ ಹಾಕುತ್ತೋ?"

"ಇದು ಬೆಕ್ಕು ಸಾರ್!"

"ಗೊತ್ತಪ್ಪ, ನಂಗೂ ಕಣ್ಣಿದೆ. ಹೊಟ್ಟೆ ಅಂದ್ಮೇಲೆ ಎಲ್ಲಾ ಒಂದೇ" ಎನ್ನುತ್ತ ಅವರು ಸೈಕಲ್ ಪಂಪಿನಷ್ಟಿದ್ದ ಸಿರಿಂಜನ್ನು ಕೈಗೆತ್ತಿಕೊಂಡರು. ಗುಂಡಕ್ಕ ಬುಟ್ಟಿಯಿಂದ ಯಜಮಾನರ ಹೆಗಲಿಗೆ, ಹೆಗಲಿಂದ ತಲೆಗೆ, ತಲೆಯಿಂದ ಔಷಧದ ಬೀರುವಿನ ಮೇಲಕ್ಕೆ ಹಾರಿ ಕೂತಿತು. ಇಳಿಸಲು ಒಂದು ಗಂಟೆ ಹಿಡಿಯಿತು. ಮನೆಗೆ ಬಂದದ್ದೇ ಮಂಚದ ಕೆಳಗೆ ಸೇರಿಕೊಂಡಿತು. ಯಜಮಾನರ ಹಣೆಯ ಮೇಲೆ ಅಡ್ಡಕ್ಕೆ ಮೂರು ಗೀರು.

"ಹೇಗೆ ನಡೀತಿದೆ ಆಡಳಿತ?" ಎಂದರು ಹೆಂಡತಿ, ಹತ್ತಿಗೆ ಔಷಧ ಅದ್ದುತ್ತ.

"ಅಂತಿಮ ಹಂತಕ್ಕೆ ಬಂದಿದೆ" ಎಂದರು ಯಜಮಾನರು. ಉರಿ ತಡೆಯಲಾರದೆ "ಹಾ" ಎಂದದ್ದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು.

ಸುಳ್ಳೇನಲ್ಲ. ಅಂದೇ ಪ್ಯಾಕಿಂಗ್ ವಿಭಾಗದ ಗೆಳೆಯ ಒಂದು ಸುದ್ದಿ ಕೊಟ್ಟಿದ್ದ. ಲಾಂಡ್ರಿ ಪಕ್ಕದ ಹಸಿರು ಬಾಗಿಲಿನ ಕ್ಲಿನಿಕ್ಕು. ಅಲ್ಲಿನ ಡಾಕ್ಟರಮ್ಮನದು ಒಂದು ವಿಚಿತ್ರ ಕಟ್ಟುನಿಟ್ಟು: ಪ್ರಾಣಿಗಳನ್ನು ಯಾರೂ ಏಕವಚನದಲ್ಲಿ ಮಾತಾಡಿಸಕೂಡದು. ನಾಯಿಯಾದರೂ 'ಅವರು', ಬೆಕ್ಕಾದರೂ 'ಅವರು', ಗಿಣಿ ಬಂದರೂ 'ಬನ್ನಿ, ಕೂತ್ಕೊಳ್ಳಿ'. ಗೌರವ ಕೊಟ್ಟರೆ ಪ್ರಾಣಿಗಳು ಹೆದರುವುದಿಲ್ಲವಂತೆ! ಯಜಮಾನರಿಗೆ ಮೈ ಜುಮ್ಮೆಂದಿತು. ನಾಯಿಗೇ ಇಷ್ಟು ಮರ್ಯಾದೆ ಎಂದಮೇಲೆ ನಾಯಿಯ ಯಜಮಾನರಿಗೆ ಎಷ್ಟಿರಬೇಡ! ಕೂಡಲೇ ಫೋನು ಮಾಡಿ ಶನಿವಾರ ಹತ್ತೂವರೆಗೆ ಸಮಯ ಗೊತ್ತುಮಾಡಿದರು. ಸಂಪರ್ಕಕ್ಕೆ ನಂಬರು ಕೇಳಿದಾಗ ಅಭ್ಯಾಸಬಲದಿಂದ ಮನೆಯದನ್ನೇ ಕೊಟ್ಟರು.

ಶನಿವಾರ ಶಾಲೆ, ಕಾರ್ಖಾನೆ ಎರಡಕ್ಕೂ ರಜೆ. ಯಜಮಾನರು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕೆಲಸ ಮುಗಿಸಿ ಬಂದು ಒಮ್ಮೆಲೇ ಡಂಗುರ ಹೊಡೆಯುವ ಆಸೆ. "ದೊರೇನ ಸುತ್ತಾಡಿಸ್ಕೊಂಡು ಬರ್ತೀನಿ" ಎಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು.

ಅವರು ಬೀದಿ ತಿರುಗುವಷ್ಟರಲ್ಲಿ ಮನೆಯ ಫೋನು ಬಡಿದುಕೊಂಡಿತು. (ಈ ಸಂಭಾಷಣೆ ಯಜಮಾನರಿಗೆ ತಿಳಿದದ್ದು ಆಮೇಲೆ. ನಿಮಗೇಕೆ ಕಾಯಿಸಲಿ? ಈಗಲೇ ಹೇಳಿಬಿಡುತ್ತೇನೆ.) ಹೆಂಡತಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು. ಫೋನೆತ್ತಿದ್ದು ಅತ್ತೆಯವರು.

"ನಮಸ್ಕಾರ ಅಮ್ಮ, ಡಾಕ್ಟ್ರ ಕ್ಲಿನಿಕ್ಕಿಂದ. ನಿಮ್ಮನೆಯವರ ಹೆಸ್ರು ಬರ್ಸಿದ್ರಲ್ಲ, ಹತ್ತೂವರೆಗೆ?"

ಮನೆಯವರು! ಆ ಮನೆಯಲ್ಲಿ 'ಮನೆಯವರು' ಎಂದರೆ ಒಬ್ಬರೇ. ಅತ್ತೆಯವರು ಫೋನನ್ನು ಚೆನ್ನಾಗಿ ಕೇಳುವ ಕಿವಿಗೆ ಬದಲಾಯಿಸಿದರು. "ಹೆಸ್ರು ಬರ್ಸಿದಾರಾ? ನಮ್ಗೆ ಒಂದು ಮಾತೂ ಹೇಳಿಲ್ವಲ್ಲಮ್ಮ! ಏನಾಗಿದೆ ಅವ್ರಿಗೆ?"

"ಏನಿಲ್ಲಮ್ಮ. ವರ್ಷದ ಇಂಜೆಕ್ಷನ್ನು, ಕಿವಿ ಕ್ಲೀನು, ಆಮೇಲೆ ಹುಳದ ಮಾತ್ರೆ. ಡೋಸಿಗೆ ತೂಕ ಬೇಕಿತ್ತು. ಎಷ್ಟಿದಾರೆ?"

"ಮದುವೇಲಿ ಕಡ್ಡಿ ಥರ ಇದ್ರು. ಈಗ ಎಪ್ಪತ್ತೆಂಟು."

"ಎಪ್ಪತ್ತೆಂಟಾ!" ಆ ಕಡೆ ಏನೋ ಬಿದ್ದ ಸದ್ದು. "ಅಮ್ಮಾ... ಕಚ್ಚೋ ಅಭ್ಯಾಸ ಏನಾದ್ರೂ ಇದ್ಯಾ?"

"ಇದೆ ಕಣಮ್ಮ. ಟಿವಿ ಮುಂದೆ ಕೂತ್ರೆ ಉಗುರೆಲ್ಲ ಕಚ್ಚಿ ಕಚ್ಚಿ ಸೋಫಾ ಮೇಲೆ ಹಾಕ್ತಾರೆ."

"ಗುರುಗುಟ್ತಾರಾ?"

"ಮಲಗಿದ್ರೆ ಪಕ್ಕದ ಕೋಣೆಗೂ ಕೇಳುತ್ತೆ."

"ಹಾಗಾದ್ರೆ ಬಾಯಿ ಕಟ್ಟಿ ಕರ್ಕೊಂಡು ಬನ್ನಿ. ಹಿಡ್ಕೊಳ್ಳೋಕೆ ಮನೆಯಿಂದ ಒಬ್ರು ಜೊತೇಲಿ ಬರ್ಲೇಬೇಕು. ಲಾಂಡ್ರಿ ಪಕ್ಕ, ಹಸಿರು ಬಾಗಿಲು."

ಅತ್ತೆಯವರು ಫೋನಿಟ್ಟದ್ದೇ ಸ್ನಾನದ ಮನೆ ಬಾಗಿಲು ಬಡಿದರು. "ಲೇ, ಬೇಗ ಬಾರೇ! ನಿನ್ನ ಗಂಡನಿಗೆ ಏನೋ ದೊಡ್ಡದು ಬಂದಿದೆ. ಕದ್ದು ಡಾಕ್ಟ್ರ ಹತ್ರ ಹೋಗಿದಾರೆ. ಹಿಡ್ಕೊಳ್ಳೋಕೆ ಜನ ಬೇಕಂತೆ!"

ಇತ್ತ ಯಜಮಾನರು ಸ್ವರ್ಗದಲ್ಲಿದ್ದರು. ಹಸಿರು ಬಾಗಿಲು ದಾಟಿದರೆ ಚಿಕ್ಕ ಚೊಕ್ಕ ಕೋಣೆ. ಮರದ ಬೆಂಚು, ತೂಕದ ಯಂತ್ರ, ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿ. ಡಾಕ್ಟರಮ್ಮ ಕನ್ನಡಕ ಹಣೆಗೇರಿಸಿ ಎದ್ದು ಬಂದರು. "ಬನ್ನಿ ಸಾರ್, ಬನ್ನಿ. ಹೇಗಿದೀರಿ?"

"ಚೆನ್ನಾಗಿದೀನಿ ಮೇಡಂ" ಎಂದರು ಯಜಮಾನರು. ಡಾಕ್ಟರಮ್ಮ ಕೇಳಿದ್ದು ನಾಯಿಯನ್ನು. ಆದರೇನು, ಗೌರವ ಗೌರವವೇ! ದೊರೆಯ ಹಲ್ಲು ನೋಡಿದ್ದೇನು, ಕಿವಿ ನೋಡಿದ್ದೇನು, ದೊರೆ ಬಾಲ ಅಲ್ಲಾಡಿಸಿದ್ದೇನು! ಕಿವಿಯೊಳಗೆ ಹತ್ತಿ ಹಾಕಿದರೂ ಕುಂಯ್ ಎನ್ನಲಿಲ್ಲ. ಯಜಮಾನರು ಜೇಬಿನೊಳಗೇ ಅಂಕಪಟ್ಟಿ ಬಿಡಿಸಿ, ಗೌರವದ ಹತ್ತನ್ನು ಕಡೆಗೆಂದು ಉಳಿಸಿಕೊಂಡು, ತೊಂಬತ್ತಕ್ಕೆ ತೊಂಬತ್ತು ಹಾಕಿದರು. ಸಿಕ್ಕಿದರು! ತಾವಾಗಿಯೇ ಹುಡುಕಿದ, ತಾವೊಬ್ಬರೇ ಆರಿಸಿದ ಡಾಕ್ಟರು!

"ಈ ಕಾರ್ಡು ತುಂಬಿಸಿಬಿಡಿ" ಎಂದರು ಡಾಕ್ಟರಮ್ಮ.

ಕಾರ್ಡಿನ ಮೊದಲ ಸಾಲು: ಯಜಮಾನರ ಹೆಸರು.

ಆಹಾ! ಯಜಮಾನರು ಇನಿಷಿಯಲ್ಲುಗಳ ಸಮೇತ ದುಂಡಗೆ ತಮ್ಮ ಪೂರ್ತಿ ಹೆಸರು ಬರೆದರು. ಕೆಳಗೊಂದು ಗೆರೆಯನ್ನೂ ಎಳೆದರು.

"ಒಂದು ಚಿಕ್ಕ ಪರೀಕ್ಷೆ ಇದೆ" ಎಂದರು ಡಾಕ್ಟರಮ್ಮ. "ಇವರು ಯಾರ ಮಾತು ಕೇಳ್ತಾರೋ ಅವರ ಹೆಸರನ್ನೇ ನಾನು ಈ ಸಾಲಿನಲ್ಲಿ ಇಟ್ಕೊಳ್ಳೋದು. ಮಾತ್ರೆ ನುಂಗಿಸೋಕೆ, ಪಥ್ಯ ಮಾಡಿಸೋಕೆ ಅವರೇ ಬೇಕು ನೋಡಿ. ಎಲ್ಲಿ, ಕೂರೋದಕ್ಕೆ ಹೇಳಿ."

"ಅದೇನು ಮಹಾ!" ಎಂದು ಯಜಮಾನರು ಎದ್ದು ನಿಂತರು. "ದೊರೇ, ಕೂತ್ಕೋ."

ದೊರೆ ತೂಕದ ಯಂತ್ರ ಮೂಸುತ್ತಿತ್ತು.

"ಬಹುವಚನ" ಎಂದು ನೆನಪಿಸಿದರು ಡಾಕ್ಟರಮ್ಮ.

"ಕೂತ್ಕೊಳ್ಳಿ ದೊರೇ." ಬಾಲ ಅಲ್ಲಾಡಿತು, ಅಷ್ಟೆ. "ಕುಳಿತುಕೊಳ್ಳಬೇಕು." ಇಲ್ಲ. "ದಯಮಾಡಿ ಆಸನ ಅಲಂಕರಿಸಬೇಕು!" ದೊರೆ ಯಜಮಾನರ ಜೇಬಿನಿಂದ ಇಣುಕುತ್ತಿದ್ದ ಅಂಕಪಟ್ಟಿಯನ್ನು ಕಿತ್ತು ಬೆಂಚಿನ ಸುತ್ತ ಓಡತೊಡಗಿತು. ಹಿಂದೆ ಯಜಮಾನರು. "ಬಿಡಿ! ಬಿಡ್ರೀ! ಬಿಡೋ!"

ಅಷ್ಟರಲ್ಲಿ ಹಸಿರು ಬಾಗಿಲು ದಡಾರನೆ ತೆರೆಯಿತು. ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಹೆಂಡತಿ ನಿಂತಿದ್ದರು. ಕಣ್ಣಲ್ಲಿ ನೀರು.

"ರೀ! ಏನಾಗಿದೆ ರೀ ನಿಮಗೆ? ಹುಳ ಅಂತೆ, ಹಿಡ್ಕೊಳ್ಳೋಕೆ ಜನ ಬೇಕಂತೆ! ನಂಗ್ಯಾಕೆ ಹೇಳ್ಲಿಲ್ಲ?"

"ನಂಗೇನಾಗಿದೆ? ಏನೂ ಆಗಿಲ್ವಲ್ಲೇ!"

ಹೆಂಡತಿ ಬಾಗಿಲ ಮೇಲಿನ 'ಪ್ರಾಣಿಗಳ ಚಿಕಿತ್ಸಾಲಯ' ಎಂಬ ಬೋರ್ಡು ನೋಡಿದರು, ನಾಯಿಯನ್ನು ನೋಡಿದರು. ಎಲ್ಲ ಅರ್ಥವಾಯಿತು. ಯಜಮಾನರು "ನಾನೇ ಹುಡುಕಿದ್ದು, ಕೇಳು, ಮೊದಲನೆಯವರು ಮೊಲ ಅಂದ್ರು..." ಎಂದು ಕೈ ಆಡಿಸುತ್ತ ಮುಂದೆ ಬಂದರು. ದೊರೆ ಬೊಗಳುತ್ತ ಆಕೆಯ ಮೇಲೆ ಹಾರಿತು. ಟವೆಲ್ ಬಿಚ್ಚಿಹೋಯಿತು. ಭಯವೆಲ್ಲ ಸಿಟ್ಟಾಗಿ ತಿರುಗಿ, ಒಂದನೇ ತರಗತಿಯ ಮೇಡಂ ಬೆರಳೆತ್ತಿ ಗುಡುಗಿದರು:

"ಏಯ್! ಕೂತ್ಕೋ!"

ದೊರೆ ಕೂತಿತು.

ಪಕ್ಕದಲ್ಲಿ ಯಜಮಾನರೂ ಕೂತಿದ್ದರು. ಬೆಂಚಿನ ಮೇಲಲ್ಲ, ನೆಲದ ಮೇಲೆ. ಯಾವಾಗ ಕೂತರೋ ಅವರಿಗೇ ತಿಳಿಯದು.

ಏಕವಚನ ಕೇಳಿ ಡಾಕ್ಟರಮ್ಮ ಹುಬ್ಬು ಗಂಟಿಕ್ಕಬೇಕಿತ್ತು. ಗಂಟಿಕ್ಕಲಿಲ್ಲ. ಕಾರ್ಡು ಎಳೆದುಕೊಂಡು ಮೊದಲ ಸಾಲಿನ ದುಂಡು ಅಕ್ಷರಗಳನ್ನೂ ಅದರ ಕೆಳಗಿನ ಗೆರೆಯನ್ನೂ ಹೊಡೆದುಹಾಕಿ, "ನಿಮ್ಮ ಹೆಸರೇನು ಮೇಡಂ?" ಎಂದರು.

ಹೆಂಡತಿ ಹೇಳಿದರು. ಆಮೇಲೆ ಕೋಣೆಯನ್ನೊಮ್ಮೆ ಸುತ್ತ ನೋಡಿ ಮೆಚ್ಚಿಕೊಂಡು, "ತುಂಬಾ ಒಳ್ಳೆ ಡಾಕ್ಟ್ರು ಕಣ್ರೀ. ಇವರನ್ನೇ ಗೊತ್ತುಮಾಡೋಣ ಅಂತ ನಾನು ತೀರ್ಮಾನ ಮಾಡ್ದೆ" ಎಂದರು.

ಡಾಕ್ಟರಮ್ಮ ಡಬ್ಬಿಯಿಂದ ಬಿಸ್ಕತ್ತು ತೆಗೆದು ದೊರೆಯ ಮುಂದೆ ಹಿಡಿದರು. ದೊರೆ ಮುಟ್ಟಲಿಲ್ಲ. ಹೆಂಡತಿಯ ಮುಖ ನೋಡಿತು.

"ತಿನ್ನು" ಎಂದರು ಹೆಂಡತಿ.

ಕೂತವರಿಗೆಲ್ಲ ಕೊಟ್ಟು ರೂಢಿಯಾದ ಡಾಕ್ಟರಮ್ಮನ ಕೈ ಇನ್ನೊಂದು ಬಿಸ್ಕತ್ತು ತೆಗೆದು ಪಕ್ಕಕ್ಕೆ ಚಾಚಿಬಿಟ್ಟಿತ್ತು. ಯಜಮಾನರು ಅದನ್ನು ತೆಗೆದುಕೊಂಡರು. ಬಾಯಿಯ ತನಕ ಒಯ್ದು, ನಿಲ್ಲಿಸಿ, ಹೆಂಡತಿಯ ಮುಖ ನೋಡಿದರು.

"ತಿನ್ನಿ" ಎಂದರು ಹೆಂಡತಿ.