ಸ್ಥಿರಹಸ್ತ ರೋಗದ ಮೊದಲ ಪ್ರಕರಣ

ಬೋರ್ನಿಯೋ ದ್ವೀಪದ ಸುಂಗೈ ಲಾಬಾಂಗ್ ಗ್ರಾಮದಲ್ಲಿ ಕೈ ನಡುಗದ ಒಬ್ಬ ವ್ಯಕ್ತಿ ಪತ್ತೆಯಾಗಿರುವುದನ್ನು ಗ್ರಾಮದ ಆರೋಗ್ಯ ಸಮಿತಿಯು ವಿಷಾದದಿಂದ ದಾಖಲಿಸಿದೆ. ಸಮಿತಿಯ ಸದಸ್ಯನಾದ್ದರಿಂದ ನಾನೂ ವಿಷಾದಿಸಿದ್ದೇನೆ.

ಮೊದಲು ದೂರು ಕೊಟ್ಟವರು ಬಾಳೆಹಣ್ಣಿನ ಬಜ್ಜಿ ಮಾರುವ ಮಸಿತಾ ಚಿಕ್ಕಮ್ಮ. ಅವರ ಪಕ್ಕದಲ್ಲೇ ಹಾಜಿ ಬಹ್ರಾನರ ಚಿನ್ನದಂಗಡಿ. ಗಣಿಯವರು ತರುವ ಪಾದರಸ ಬೆರೆತ ಚಿನ್ನದ ಉಂಡೆಯನ್ನು ಹಾಜಿಗಳು ಅಂಗಡಿಯಲ್ಲೇ ಸುಡುತ್ತಾರೆ. ಚಿನ್ನ ಅವರಲ್ಲಿ ಉಳಿಯುತ್ತದೆ, ಪಾದರಸದ ಹೊಗೆ ಚಿಕ್ಕಮ್ಮನ ಅಡುಗೆಮನೆಗೆ ಹೋಗುತ್ತದೆ. ಈ ಹಂಚಿಕೆಯ ಬಗ್ಗೆ ಹಾಜಿಗಳಿಗೆ ಎಂದೂ ತಕರಾರಿರಲಿಲ್ಲ.

"ಸೊಸೆ ಬಸುರಿ, ಹಾಜಿಗಳೇ. ಆ ಹೊಗೆ ಕೊಳವೆ ಒಂಚೂರು ಆಚೆ ತಿರುಗ್ಸಿ," ಎಂದರು ಚಿಕ್ಕಮ್ಮ.

"ಆಚೆ ಮಸೀದಿ, ಈಚೆ ಶಾಲೆ. ನಿಮ್ಮನೆ ಕಡೆನೇ ಜನ ಕಮ್ಮಿ."

ಸಮಿತಿಯ ಅಧ್ಯಕ್ಷರೂ ಹಾಜಿಗಳೇ ಆದ್ದರಿಂದ ಅಧ್ಯಕ್ಷರು ಈ ವಾದವನ್ನು ಒಪ್ಪಿದರು.

ಪಾದರಸದಿಂದ ಕೈ ನಡುಗುತ್ತದೆಂದು ಪಟ್ಟಣದ ವೈದ್ಯರು ಹೇಳಿಕಳಿಸಿದ್ದರಿಂದ ಪರೀಕ್ಷೆಯನ್ನೂ ನಡೆಸಬೇಕಾಯಿತು. ತುಂಬಿದ ಚಹಾ ಲೋಟ ಹಿಡಿದು ಅಂಗಡಿಯಿಂದ ದೋಣಿಕಟ್ಟೆಗೆ ಹೋಗಿ ಬರುವುದು. ನಮ್ಮೂರಲ್ಲಿ ಲೋಟವನ್ನು ಆಳವಾದ ತಟ್ಟೆಯಲ್ಲಿಟ್ಟು ಕೊಡುತ್ತಾರೆ, ತಟ್ಟೆಯಿಂದಲೇ ಕುಡಿಯುತ್ತೇವೆ. ಲೋಟವಿರುವುದು ಚಹಾ ಎಲ್ಲಿಂದ ಚೆಲ್ಲಿತೆಂದು ತಿಳಿಯಲಿಕ್ಕೆ. ಎಲ್ಲರೂ ಪದ್ಧತಿ ಪ್ರಕಾರ ಚೆಲ್ಲಿದರು. ಅಧ್ಯಕ್ಷರ ಲೋಟ ಹೊಸ್ತಿಲಲ್ಲೇ ಖಾಲಿಯಾಯಿತು.

ಈ ಹೊಗೆ ಮುಟ್ಟದ, ನದಿಯ ಮೇಲ್ಹರಿವಿನ ಊರಿಂದ ಹೊಸದಾಗಿ ಮದುವೆಯಾಗಿ ಬಂದ ಚಿಕ್ಕಮ್ಮನ ಸೊಸೆ ನೊರ್ಲೈಲಾ ಮಾತ್ರ ಹನಿ ಚೆಲ್ಲದೆ ಹೋಗಿ ಬಂದಳು. ಚಹಾ ಸುರಿದವನು ನಾನು. ಅವಳಿಗೆ ಅರ್ಧ ಲೋಟವೇ ಕೊಟ್ಟೆನೆಂದು ಆಡಿಕೊಳ್ಳುವವರಿದ್ದಾರೆ. ನನ್ನ ಕೈಯೂ ಇದೇ ಊರಿನದು, ಬಿದ್ದಷ್ಟು ಬಿತ್ತು.

"ಊರಿಗೆಲ್ಲ ಇರೋದು ಇವಳಿಗಿಲ್ಲ ಅಂದ್ರೆ ಇದು ರೋಗವೇ," ಎಂದೆ ನಾನು. "ಅಂಟುರೋಗ ಬೇರೆ ಇರ್ಬಹುದು. ನಾಳೆ ಗಿರಾಕಿಗಳ ಕೈ ನೆಟ್ಟಗಾದ್ರೆ ನೀವು ಚಿನ್ನ ತೂಗೋ ತಕ್ಕಡಿ ಅವರೇ ಹಿಡೀತಾರೆ, ಹಾಜಿಗಳೇ."

ಹಾಜಿಗಳು ಬೆವರೊರೆಸಿಕೊಂಡು ತಕ್ಷಣ ಆದೇಶ ಹೊರಡಿಸಿದರು: ಸ್ಥಿರಹಸ್ತ ರೋಗಿಯನ್ನು ಹೆರಿಗೆಯಾಗಿ ಮಗು ನಡೆಯುವವರೆಗೆ ತವರಿನಲ್ಲಿ ಇರಿಸತಕ್ಕದ್ದು, ದೋಣಿಯ ಖರ್ಚು ಅಧ್ಯಕ್ಷರದು.

ಸೊಸೆಯನ್ನು ದೋಣಿ ಹತ್ತಿಸಿ ಬಂದ ಚಿಕ್ಕಮ್ಮ ಸಮಿತಿಯ ಮುಂದೆ ಕೈ ಚಾಚಿದರು.

"ನಂಗೂ ಸ್ವಲ್ಪ ಅಂಟಿದಂಗಿದೆ, ನೋಡಿ."

ಕೈ ಕಾದ ಬಾಣಲೆಯಲ್ಲಿ ಬಿದ್ದ ನೀರಹನಿಯ ಹಾಗೆ ಕುಣಿಯುತ್ತಿತ್ತು.

"ಗಟ್ಟಿಮುಟ್ಟಾಗಿದ್ದೀರಿ. ಹೋಗಿ ಬಜ್ಜಿ ಹಾಕಿ," ಎನ್ನುತ್ತ ಹಾಜಿಗಳು ಅವರ ಆರೋಗ್ಯ ಪತ್ರಕ್ಕೆ ಸಹಿ ಮಾಡಿದರು. ಸಹಿ ಕಾಗದ ದಾಟಿ ಮೇಜಿನ ಮೇಲೂ ಹರಿಯಿತು. ಅಂದಿನಿಂದ ಮೇಜೂ ಆರೋಗ್ಯವಾಗಿದೆಯೆಂದು ಗ್ರಾಮಸ್ಥರೆಲ್ಲ ಸಂತೋಷದಿಂದ ಒಪ್ಪಿಕೊಂಡಿದ್ದೇವೆ.