ಕೋರಂ ಉಳಿಸಿದ ಕೋಳಿ ಸುಕ್ಕ

ಕಳೆದ ವರ್ಷ ಕಟ್ಟದಮೂಲೆ ಹಾಲಿನ ಸೊಸೈಟಿಯ ಮಹಾಸಭೆ ಹಾಳಾದದ್ದು ಪಾಯಸದಿಂದ. ವರದಿ ಓದುವ ಮೊದಲೇ ಯಾರೋ ಪುಣ್ಯಾತ್ಮರು ಪಾತ್ರೆಯ ಮುಚ್ಚಳ ತೆಗೆದರು. ಸದಸ್ಯರೆಲ್ಲ ಎದ್ದು ಹೋಗಿ ಉಂಡರು. ಉಂಡವರು ಹಾಗೆಯೇ ಮನೆಗೆ ಹೋದರು. ಲೆಕ್ಕಪತ್ರ ಮಂಡಿಸುವ ಹೊತ್ತಿಗೆ ಉಳಿದದ್ದು ಅಧ್ಯಕ್ಷ ಧನರಾಜರು, ಸೆಕ್ರೆಟರಿ ಯೋಗೀಶ ಮತ್ತು ಇನ್ನೂ ಪ್ರಶ್ನೆ ಕೇಳಿ ಮುಗಿಯದ ಕ್ಲೆಟಸ್ ಪೊರ್ಬುಗಳು ಮಾತ್ರ. ಕೋರಂ ಇಲ್ಲದ ಸಭೆ ಸಭೆಯೇ ಅಲ್ಲ ಎಂದು ಇಲಾಖೆಯಿಂದ ಕಾಗದ ಬಂತು. ಈ ವರ್ಷವೂ ಹಾಗೇ ಆದರೆ ಆಡಳಿತ ಸಮಿತಿಯನ್ನು ಇಳಿಸಿ ಸರಕಾರದ ಅಧಿಕಾರಿಯನ್ನು ಕೂರಿಸುತ್ತಾರಂತೆ. ಸಮಿತಿ ಇಳಿದರೆ, ಕೆಲಸ ಇನ್ನೂ ಖಾಯಂ ಆಗದ ಯೋಗೀಶನೂ ಇಳಿದಂತೆಯೇ.

ಹಾಗಾಗಿ 'ಪರಿಣಾಮಕಾರಿ ಮಹಾಸಭೆ ನಡೆಸುವುದು ಹೇಗೆ' ಎಂಬ ತರಬೇತಿಗೆ ಕರೆ ಬಂದಾಗ ಯೋಗೀಶ ಕಾಸರಗೋಡಿಗೆ ಹೋಗಿ ಮೊದಲ ಸಾಲಿನಲ್ಲೇ ಕೂತಿದ್ದ. ಸಮಯಕ್ಕೆ ಸರಿಯಾಗಿ ಶುರುಮಾಡಿ, ಮಾತಿಗೆ ಮಿತಿ ಹಾಕಿ, ಊಟ ಕೊನೆಗೆ ಕೊಡಿ ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಬಂದ. ಕ್ಲೆಟಸ್ ಪೊರ್ಬುಗಳನ್ನು ಏನು ಮಾಡಬೇಕೆಂದು ಮಾತ್ರ ಅಲ್ಲಿ ಯಾರೂ ಹೇಳಿರಲಿಲ್ಲ.

ಕ್ಲೆಟಸ್ ಪೊರ್ಬುಗಳು ಶಾರ್ಜಾದಲ್ಲಿ ಒಂದು ಕಂಪೆನಿಯ ಮೆಸ್ ನೋಡಿಕೊಂಡಿದ್ದು, ಊರಿಗೆ ಮರಳಿ ಎರಡು ದನ ಕಟ್ಟಿದವರು. ಒಳ್ಳೆಯ ಮನುಷ್ಯ. ಆದರೆ ಮೈಕ್ ಕಂಡರೆ ಹುಲ್ಲುಗಾವಲು ಕಂಡ ಕರುವಿನಂತಾಗುತ್ತಿದ್ದರು. ವರದಿಗೆ ವಿರೋಧ, ಲೆಕ್ಕಕ್ಕೆ ವಿರೋಧ, ಒಮ್ಮೆ ಸಂತಾಪ ಸೂಚನೆಗೂ ತಿದ್ದುಪಡಿ ತಂದಿದ್ದರು.

ಸಭೆಯ ದಿನ ಭಾನುವಾರ. ಬೆಳಗ್ಗೆ ಯೋಗೀಶ ಕುರ್ಚಿ ಜೋಡಿಸುತ್ತಿದ್ದಾಗ ಸೀತಾಂಗೋಳಿಯ ಅಡಿಗೆಯವನ ಫೋನ್ ಬಂತು. ಸ್ಕೂಟರಿನಿಂದ ಬಿದ್ದು ಕೈಗೆ ಪ್ಲಾಸ್ಟರ್ ಹಾಕಿದ್ದಾರೆ, ಬರಲು ಆಗುವುದಿಲ್ಲ ಎಂದ. ಯೋಗೀಶ ಜೋಡಿಸಿದ ಕುರ್ಚಿಯಲ್ಲೇ ಕುಸಿದ.

"ಎಂತ ಯೋಗೀಶ, ಮುಖ ಒಡೆದ ಹಾಲಿನ ಹಾಗೆ ಆಗಿದೆಯಲ್ಲ?" ಎಂದಳು ಹಾಲು ಅಳೆದುಕೊಟ್ಟು ಹೊರಟಿದ್ದ ಅಮ್ಮಣಿಯಕ್ಕ. ಊರಿನ ಯಾವ ಸಮಸ್ಯೆಯೂ ಅವಳ ಸಲಹೆಯಿಲ್ಲದೆ ಮುಗಿದದ್ದಿಲ್ಲ.

"ಅಡಿಗೆಯವ ಬರುದಿಲ್ಲಂತೆ ಅಕ್ಕ. ಊಟ ಇಲ್ಲದಿದ್ರೆ ಜನ ಇಲ್ಲ. ಜನ ಇಲ್ಲದಿದ್ರೆ ನಾನೂ ಇಲ್ಲ."

"ಅದಕ್ಕೆ ಇಷ್ಟು ಮಂಡೆಬಿಸಿ ಯಾಕೆ ಮಾರಾಯ? ಪೊರ್ಬುಗಳನ್ನು ಕರಿ. ಶಾರ್ಜಾದಲ್ಲಿ ಊರಿಡೀ ಉಣ್ಣಿಸಿದ ಜನ." ಅಮ್ಮಣಿಯಕ್ಕ ಸ್ವರ ತಗ್ಗಿಸಿದಳು. "ಅಡಿಗೆ ಕೋಣೆಯಲ್ಲಿದ್ದವರಿಗೆ ಸಭೆಯಲ್ಲಿ ಪ್ರಶ್ನೆ ಕೇಳ್ಲಿಕ್ಕೆ ಆಗ್ತದಾ?"

ಯೋಗೀಶನಿಗೆ ಅಮ್ಮಣಿಯಕ್ಕನ ಕಾಲಿಗೆ ಬೀಳಬೇಕೆನಿಸಿತು. ಬೀಳುವಷ್ಟು ಸಮಯವಿರಲಿಲ್ಲ. ಬೈಕ್ ಹತ್ತಿದ.

ಪೊರ್ಬುಗಳು ಹಟ್ಟಿಯೆದುರು ನಿಂತು ದನಕ್ಕೆ ಭಾಷಣ ಮಾಡುತ್ತಿದ್ದರು. "ಮಾನ್ಯ ಅಧ್ಯಕ್ಷರೇ, ಪಶು ಆಹಾರದ ವಿಷಯದಲ್ಲಿ ನನ್ನ ಉಗ್ರ ವಿರೋಧ ಉಂಟು..." ದನ ಕಿವಿ ಆಡಿಸುತ್ತಾ ಕೇಳುತ್ತಿತ್ತು.

ಯೋಗೀಶ ವಿಷಯ ಹೇಳಿದ. ಪೊರ್ಬುಗಳು ಕತ್ತು ನೆಟ್ಟಗೆ ಮಾಡಿದರು. "ನಾನು ಅಡಿಗೆಗೆ ನಿಂತ್ರೆ ಸದಸ್ಯರ ಪರ ಮಾತಾಡುದು ಯಾರು? ಆಗುದಿಲ್ಲ."

ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಸೆಲಿನ್ ಬಾಯಿಯ ನಗು ಕೇಳಿತು. "ಯೋಗೀಶ, ಯಾರನ್ನು ಕೇಳ್ತಿದ್ದೀರಿ? ಇವರು ನೀರು ಕುದಿಸಿದ್ರೂ ಅಡಿ ಹಿಡೀತದೆ. ನನ್ನ ಅಡಿಗೆ ಕೋಣೆಗೆ ಇವರನ್ನು ಬಿಡದೆ ಎಷ್ಟು ವರ್ಷ ಆಯ್ತು!"

ಪೊರ್ಬುಗಳ ಮುಖ ಒಂದು ಕ್ಷಣ ಬಾಡಿತು. ಮುನ್ನೂರು ಜನರಿಗೆ ಬಡಿಸಿದವರು ಸ್ವಂತ ಮನೆಯಲ್ಲಿ ಒಗ್ಗರಣೆಗೂ ಅನುಮತಿ ಕೇಳಬೇಕಾಗಿತ್ತು. ಅವರು ಹೇಳುವುದನ್ನು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಅಷ್ಟು ಹೊತ್ತು ಮಾತಾಡುವುದು ಯಾಕೆಂದು ಯೋಗೀಶನಿಗೆ ಆಗ ಅರ್ಥವಾಯಿತು. ಪಾಪ ಎನಿಸಿತು.

"ನಡಿ ಯೋಗೀಶಾ," ಎಂದರು ಪೊರ್ಬುಗಳು ಮುಂಡು ಎತ್ತಿ ಕಟ್ಟುತ್ತಾ. "ಇವತ್ತು ಕೋಳಿ ಸುಕ್ಕ ಎಂದರೆ ಎಂತ ಅಂತ ಇವಳಿಗೆ ತೋರಿಸ್ತೇನೆ. ಆದ್ರೆ ನಾನು ಹೇಳುವವರೆಗೆ ಅಡಿಗೆ ಕೋಣೆಯ ಬಾಗಿಲು ಯಾರೂ ಮುಟ್ಟಬಾರ್ದು."

ಯೋಗೀಶನಿಗೆ ಬೇಕಾದದ್ದೂ ಅದೇ.

ಸಭೆ ಶುರುವಾಗುವ ಹೊತ್ತಿಗೆ ಇಲಾಖೆಯ ಇನ್ಸ್‌ಪೆಕ್ಟರ್ ಸ್ಪಂದನಾ ಮೇಡಂ ಬಂದು ಮುಂದಿನ ಸಾಲಿನಲ್ಲಿ ಕೂತರು. ಮೈಕ್ ಒಮ್ಮೆ ಕಿರುಚಿ ಸುಮ್ಮನಾಯಿತು. ಮಾತಿನ ಮಿತಿಗೆಂದು ತಂದಿಟ್ಟ ದನದ ಗಂಟೆಯನ್ನು ಯೋಗೀಶ ಪರೀಕ್ಷೆಗೆ ಒಮ್ಮೆ ಬಾರಿಸಿದ. ಹೊರಗೆ ಮೇಯುತ್ತಿದ್ದ ಯಾರದೋ ಎಮ್ಮೆ ಸಭಾಭವನದೊಳಗೆ ತಲೆ ಹಾಕಿತು. ಅದನ್ನು ಓಡಿಸಿ ಬರುವಷ್ಟರಲ್ಲಿ ಯೋಗೀಶನ ಇಸ್ತ್ರಿ ಹಾಕಿದ ಅಂಗಿಗೆ ಸಗಣಿ ಹಾರಿತ್ತು.

ಆದರೂ ವರದಿ ಓದಲು ನಿಂತ. ಅರ್ಧ ಓದಿರಬೇಕು, ಅಡಿಗೆ ಕೋಣೆಯ ಬಾಗಿಲು ದಡಕ್ಕನೆ ತೆರೆಯಿತು. ಕೈಯಲ್ಲಿ ಸೌಟು ಎತ್ತಿ ಹಿಡಿದು ಕ್ಲೆಟಸ್ ಪೊರ್ಬುಗಳು ನಿಂತಿದ್ದರು.

"ಸೆಕ್ರೆಟರಿಯವರೇ, ಒಂದು ಪ್ರಶ್ನೆ ಉಂಟು!"

ಸಭೆ ನಿಟ್ಟುಸಿರು ಬಿಟ್ಟಿತು. ಸ್ಪಂದನಾ ಮೇಡಂ ಪೆನ್ನಿನ ಕ್ಯಾಪ್ ತೆಗೆದರು.

"ಹೇಳಿ ಪೊರ್ಬುಗಳೇ..."

"ಉಪ್ಪು ಎಲ್ಲಿಟ್ಟಿದ್ದೀರಿ?"

ಉಪ್ಪು ಸಿಕ್ಕಿತು, ಬಾಗಿಲು ಮುಚ್ಚಿತು. ಆದರೆ ತೆರೆದಿದ್ದ ಅಷ್ಟೇ ಹೊತ್ತಿನಲ್ಲಿ ಹುರಿದ ಕೊತ್ತಂಬರಿ, ಮೆಣಸು, ಕಾಯಿತುರಿಯ ಘಮ ಹೊರಬಂದು ಸಭೆಯನ್ನೆಲ್ಲ ಹಿಡಿದುಕೊಂಡಿತು. ಒಬ್ಬರೂ ಎದ್ದು ಹೋಗಲಿಲ್ಲ. ಬದಲಿಗೆ, ಬೇಗ ಮುಗಿಸುವ ಆತುರ ಎಲ್ಲರಿಗೂ ಬಂತು.

"ವರದಿ..." ಎಂದ ಯೋಗೀಶ.

"ಪಾಸ್!" ಎಂದಿತು ಸಭೆ.

"ಲೆಕ್ಕಪತ್ರ..."

"ಅದೂ ಪಾಸ್!"

ಪಶು ಆಹಾರದಲ್ಲಿ ಕಲ್ಲು ಸಿಕ್ಕಿದೆಯೆಂದು ಪೊಟ್ಟಣ ಕಟ್ಟಿಕೊಂಡೇ ಬಂದಿದ್ದ ಶಂಕರಿಯಕ್ಕ ಎದ್ದು ನಿಂತು, ಒಮ್ಮೆ ಗಾಳಿಯನ್ನು ಮೂಸಿ, "ಊಟ ಆದ ಮೇಲೆ ಹೇಳ್ತೇನೆ" ಎಂದು ಕೂತುಬಿಟ್ಟಳು. ಗಂಟೆ ಬಾರಿಸುವ ಅಗತ್ಯವೇ ಬೀಳಲಿಲ್ಲ.

ಇನ್ನು ವಂದನಾರ್ಪಣೆ ಮಾಡಿ ಸಭೆ ಮುಗಿಸುವುದೊಂದೇ ಬಾಕಿ. ಆದರೆ ಅಧ್ಯಕ್ಷ ಧನರಾಜರು ತಡೆದರು. "ಅಡಿಗೆ ಮಾಡಿದವರಿಗೂ ವಂದನೆ ಹೇಳ್ಬೇಕಲ್ಲ. ಉಣ್ಣದೆ ಹೇಗೆ ಹೇಳುದು? ಊಟ ಆಗಲಿ, ಆಮೇಲೆ ಹೇಳುವ."

ಯೋಗೀಶ ಒಪ್ಪಿದ. ಗೆದ್ದವನು ಸಣ್ಣ ವಿಷಯಕ್ಕೆ ಜಗಳ ಮಾಡುವುದಿಲ್ಲ.

ಊಟವೆಂದರೆ ಊಟ. ಕೋಳಿ ತಿನ್ನದವರಿಗೆ ಸೌತೆಕಾಯಿ ಸಾಂಬಾರು, ಕಡ್ಲೆ ಗಸಿ, ತಿನ್ನುವವರಿಗೆ ಸುಕ್ಕ. ಸಭೆಗೆ ಬಂದಿದ್ದ ಸೆಲಿನ್ ಬಾಯಿ ಮೊದಲ ತುತ್ತು ಬಾಯಿಗಿಟ್ಟು, ಗಂಡನ ಕಡೆ ನೋಡಿ, ಎರಡನೇ ಸಲ ಹಾಕಿಸಿಕೊಂಡಳು. ಪೊರ್ಬುಗಳ ಕಣ್ಣು ಒದ್ದೆಯಾಯಿತು. ಮೆಣಸಿನ ಘಾಟು ಎಂದರು. ಉಂಡವರು ಈ ಸಲ ಮನೆಗೆ ಹೋಗಲಿಲ್ಲ. ಪೊರ್ಬುಗಳ ಕೈ ಕುಲುಕಿ ಮತ್ತೆ ಕುರ್ಚಿಗಳಲ್ಲಿ ಬಂದು ಒರಗಿದರು.

ಸ್ಪಂದನಾ ಮೇಡಂ ಕೈ ಒರಸಿಕೊಳ್ಳುತ್ತಾ, "ಯೋಗೀಶ್, ಇಷ್ಟು ಶಿಸ್ತಿನ ಮಹಾಸಭೆ ನಾನು ನೋಡಿಯೇ ಇಲ್ಲ" ಎಂದರು. ಯೋಗೀಶನಿಗೆ ಆ ಕ್ಷಣವೇ ಖಾಯಂ ಆದಂತೆನಿಸಿತು. ವಂದನಾರ್ಪಣೆಗೆ ಮೈಕ್ ಹಿಡಿದ. ಇನ್ನು ಒಂದು ವರ್ಷ ನೆಮ್ಮದಿ.

"ಒಂದು ನಿಮಿಷ," ಎಂದು ಅಮ್ಮಣಿಯಕ್ಕ ಎದ್ದಳು. "ನಂದೊಂದು ಮಾತುಂಟು. ಇಷ್ಟು ಚೆಂದದ ಸಭೆ ವರ್ಷಕ್ಕೆ ಒಂದೇ ಯಾಕೆ? ತಿಂಗಳಿಗೊಂದು ಆಗ್ಲಿ. ಅಕ್ಕಿ, ಕಾಯಿ ಎಲ್ಲರೂ ಮನೆಯಿಂದ ತರುವ."

ಚಪ್ಪಾಳೆ ಬಿತ್ತು. ಯೋಗೀಶ ಸ್ಪಂದನಾ ಮೇಡಂ ಕಡೆ ತಿರುಗಿದ. "ಮೇಡಂ, ಸಭೆ ಮುಗಿದಿದೆಯಲ್ಲ?"

"ವಂದನಾರ್ಪಣೆ ಆಗದೆ ಹೇಗೆ ಮುಗೀತದೆ? ಕೋರಂ ಕೂಡ ಇದೆ. ಸದಸ್ಯರು ಇಷ್ಟು ಆಸಕ್ತಿ ತೋರಿಸುವಾಗ ಬೇಡ ಅನ್ನಲಿಕ್ಕೆ ಆಗುದಿಲ್ಲ. ಯಾರದಾದ್ರೂ ವಿರೋಧ ಉಂಟಾ?" ಎಂದು ಮೇಡಂ ಸಭೆಯನ್ನು ಕೇಳಿದರು.

ಯೋಗೀಶ ಅಡಿಗೆ ಕೋಣೆಗೆ ಓಡಿದ. ಜೀವನದಲ್ಲಿ ಮೊದಲ ಬಾರಿಗೆ ಅವನಿಗೆ ಕ್ಲೆಟಸ್ ಪೊರ್ಬುಗಳ ವಿರೋಧ ಬೇಕಾಗಿತ್ತು.

"ಪೊರ್ಬುಗಳೇ, ಬನ್ನಿ! ತಿಂಗಳಿಗೊಂದು ಸಭೆ ಮಾಡ್ಬೇಕಂತೆ. ನೀವು ಸುಮ್ಮನೆ ಕೂತ್ರೆ ಹೇಗೆ?"

"ಎಂತ? ನನ್ನನ್ನು ಕೇಳದೆಯಾ?" ಪೊರ್ಬುಗಳು ಪಾತ್ರೆ ಕೆಳಗಿಟ್ಟು ನೇರ ಮೈಕಿನ ಬಳಿ ಬಂದರು. ಗಂಟಲು ಸರಿಮಾಡಿಕೊಂಡರು. "ಮಾನ್ಯ ಅಧ್ಯಕ್ಷರೇ, ತಿಂಗಳಿಗೊಂದು ಸಭೆ ಎಂಬುದಕ್ಕೆ ನನ್ನ ಉಗ್ರ ವಿರೋಧ ಉಂಟು."

ಯೋಗೀಶನಿಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು.

"ತಿಂಗಳಿಗೊಂದು ಸಾಲದು," ಎಂದರು ಪೊರ್ಬುಗಳು. "ಹದಿನೈದು ದಿನಕ್ಕೊಂದು ಆಗ್ಬೇಕು. ಬರುವ ಸಲ ಮೀನು."

"ಒಪ್ಪುವವರು ಕೈ ಎತ್ತಿ," ಎಂದರು ಧನರಾಜರು. ಸಭೆ ತೆಂಗಿನ ತೋಟದಂತೆ ಕೈಗಳನ್ನೆತ್ತಿ ನಿಂತಿತು. "ಬೇಡ, ಬೇಡ" ಎನ್ನುತ್ತಾ ಯೋಗೀಶನೂ ಎರಡೂ ಕೈಗಳನ್ನು ಮೇಲೆತ್ತಿ ಆಡಿಸಿದ. ಚಪ್ಪಾಳೆಯಲ್ಲಿ ಅವನ ಸ್ವರ ಯಾರಿಗೂ ಕೇಳಲಿಲ್ಲ.

"ಸೆಕ್ರೆಟರಿಗೆ ಓಟಿಲ್ಲ," ಎಂದು ಬರೆದುಕೊಳ್ಳುತ್ತಾ ನಕ್ಕರು ಸ್ಪಂದನಾ ಮೇಡಂ. "ಆದ್ರೂ ಎರಡು ಕೈ ಎತ್ತಿದ್ದಾರೆ ನೋಡಿ. ಇಂಥ ಉತ್ಸಾಹ ಇರ್ಬೇಕು."