ಅರ್ಧ ಖಾಲಿಯಾದ ಕುಕೀ ಹಿಟ್ಟು

ಏಕನಾಥ: ಅರ್ಧ ರೋಲ್ ಇಲ್ಲ. ನಿನ್ನೆ ಪೂರ್ತಿ ಇತ್ತು. ಓವನ್ ಹಚ್ಚಿಲ್ಲ, ಮನೇಲಿ ಒಂದು ಕುಕೀನೂ ಕಾಣ್ತಿಲ್ಲ. ಅಂದ್ರೆ ಹಸೀದೇ ಹೊಟ್ಟೆ ಸೇರಿದೆ.

ಕಲಾವತಿ: ಎರಡೇ ಸ್ಪೂನ್ ಕಣ್ರೀ.

ಏಕನಾಥ: ಎರಡು ಸ್ಪೂನಿಗೆ ಅರ್ಧ ರೋಲ್ ಹೋಗುತ್ತಾ? ಸೌಟಲ್ಲಿ ತಿಂದ್ಯಾ?

ಕಲಾವತಿಗೆ ಮೈ ಉರಿಯಿತು. ಎರಡು ಸ್ಪೂನ್ ತಿಂದದ್ದು ನಿಜ. ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆ ಕಲಸಿ ರೋಲ್ ಮಾಡಿ ಅಂಗಡಿಯಲ್ಲಿ ಮಾರುವ ಕುಕೀ ಹಿಟ್ಟನ್ನು ಬೇಯಿಸದೆ, ಫ್ರಿಜ್ಜಿನ ಮುಂದೆ ನಿಂತೇ ತಿನ್ನುವ ಚಟ ಅವಳಿಗೆ ಆಫೀಸಿನ ಗೆಳತಿಯಿಂದ ಅಂಟಿತ್ತು. ಆದರೆ ಉಳಿದದ್ದನ್ನು ಯಾರು ತಿಂದರು? ಗಂಡನಂತೂ ಮುಟ್ಟುವವನಲ್ಲ. ಊರಿನ ಟೊರ್ರಿ ಪೈನ್ಸ್ ಬಡಾವಣೆಯ ಲ್ಯಾಬಿನಲ್ಲಿ, ಹಸಿ ಮೊಟ್ಟೆಯಿಂದ ಹೊಟ್ಟೆ ಸೇರುವ ಸಾಲ್ಮೊನೆಲ್ಲಾ ಎಂಬ ರೋಗಾಣು ಬೆಳೆಸುವುದೇ ಅವನ ಕೆಲಸ. ಅಲ್ಲಿ ದಿನವಿಡೀ ಅದಕ್ಕೆ ಊಟ ಉಪಚಾರ ಮಾಡಿ, ಸಂಜೆ ಮನೆಗೆ ಬಂದು ಅದರ ಮೇಲೆ ಚಾಡಿ ಹೇಳುತ್ತಿದ್ದ.

ಏಕನಾಥ: ಹಸಿ ಮೊಟ್ಟೆ ಕಣೇ ಅದು. ಹನ್ನೆರಡು ಗಂಟೆ ಆಗ್ಲಿ, ಹೊಟ್ಟೆ ಹಿಂಡುತ್ತೆ, ಜ್ವರ, ವಾಂತಿ, ಭೇದಿ.

ಕಲಾವತಿ: ಮೆಲ್ಲಗೆ ಮಾತಾಡ್ರೀ. ಅತ್ತೆ ಹಾಲಲ್ಲಿದ್ದಾರೆ.

ಏಕನಾಥ: ಅಮ್ಮ ಬಂದಿರೋವಾಗ ಇದನ್ನ ತಂದಿದ್ದು ಯಾರು?

ತಂದವಳು ಕಲಾವತಿಯೇ. ಅತ್ತೆ ಚೆನ್ನಮ್ಮ ತಿಪಟೂರಿನಿಂದ ಈ ಪರದೇಶಕ್ಕೆ ಬಂದು ಎರಡು ತಿಂಗಳಾಗಿತ್ತು. ಮೊಟ್ಟೆ ಬಂದ ಮನೆಯಲ್ಲಿ ನೀರೂ ಕುಡಿಯುವವರಲ್ಲ. ವಿಮಾನ ಹತ್ತುವ ಮೊದಲು ಫೋನಿನಲ್ಲಿ ಕೇಳಿದ್ದೂ ಅದೊಂದನ್ನೇ. “ನಮ್ಮನೆ ಹೊಸ್ತಿಲನ್ನ ಮೊಟ್ಟೆ ದಾಟಿಲ್ಲ ಅತ್ತೆ” ಎಂದು ಕಲಾವತಿ ಮಾತು ಕೊಟ್ಟಿದ್ದಳು. ಆ ಮಾತು ನಂಬಿ ಅತ್ತೆ ಅವಳ ಕೈಯಡುಗೆ ಉಣ್ಣುತ್ತಿದ್ದರು. ಹೋದ ವಾರ ಸಾರು ಚೆನ್ನಾಗಿದೆ ಎಂದಿದ್ದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಂದ ಮಾತು. ಅದನ್ನು ಕಳೆದುಕೊಳ್ಳಲು ಅವಳು ಸುತರಾಂ ತಯಾರಿರಲಿಲ್ಲ.

ಅಷ್ಟರಲ್ಲಿ ಚೆನ್ನಮ್ಮನೇ ಒಳಗೆ ಬಂದರು. ಅಂದು ನಾಗರ ಪಂಚಮಿ. ಕೈಯಲ್ಲಿ ಮುಚ್ಚಿದ ಸ್ಟೀಲ್ ಡಬ್ಬಿ, ಬೆರಳಲ್ಲಿ ಅರಿಶಿನ. ಮನೆಯ ಹಿಂದಿನ ಕಣಿವೆಯ ಅಂಚಿನಲ್ಲಿ ‘ಹಾವುಗಳಿವೆ, ಎಚ್ಚರ’ ಎಂದು ಹಾವಿನ ಚಿತ್ರದ ಬೋರ್ಡು ನೆಟ್ಟಿದ್ದರು. ಹುತ್ತ ಸಿಗದ ಊರಿನಲ್ಲಿ ಅವರು ಅದಕ್ಕೇ ಹಾಲೆರೆದು ಪೂಜೆ ಮುಗಿಸಿದ್ದರು.

ಚೆನ್ನಮ್ಮ: ಏನು ಹುಡುಕ್ತಿದ್ದೀರಿ? ಕರಿಬೇವಿನ ಹಿಂದೆ ಇತ್ತಲ್ಲ, ಆ ತಂಬಿಟ್ಟಾ? ಅರ್ಧ ನಾನೇ ತಗೊಂಡೆ.

ಕಲಾವತಿ ಫ್ರಿಜ್ಜಿನ ಬಾಗಿಲು ಹಿಡಿದುಕೊಂಡಳು.

ಏಕನಾಥ: ತಂಬಿಟ್ಟಾ?

ಚೆನ್ನಮ್ಮ: ಹಬ್ಬಕ್ಕೆ ಅಂತ ಸೊಸೆ ಹಿಂದಿನ ದಿನಾನೇ ಕಲಸಿಟ್ಟಿದ್ದಾಳೆ. ತುಪ್ಪ ಕೈಬಿಟ್ಟು ಹಾಕಿದ್ದೀಯ ಕಣಮ್ಮ, ಉಂಡೆ ಚೆನ್ನಾಗಿ ಕಟ್ಟುತ್ತೆ. ಬೆಲ್ಲ ಮಾತ್ರ ಇನ್ನೂ ಸ್ವಲ್ಪ ಕುಟ್ಟಬೇಕಿತ್ತು, ಮಧ್ಯೆ ಮಧ್ಯೆ ಕಪ್ಪು ಹೆಂಟೆ ಉಳಿದಿದೆ.

ಆ ಹೆಂಟೆ ಚಾಕಲೇಟ್ ಚೂರು ಎಂಬುದು ಕಲಾವತಿಗೆ ಗೊತ್ತಿತ್ತು.

ಏಕನಾಥ: ಅಮ್ಮ, ಹೊಟ್ಟೆ ಏನಾದ್ರೂ ಒಂಥರಾ ಇದ್ಯಾ?

ಚೆನ್ನಮ್ಮ: ಬೆಳಿಗ್ಗೆಯಿಂದ ಚುರುಗುಟ್ತಿದೆ.

ಏಕನಾಥ: ಶುರುವಾಯ್ತು.

ಚೆನ್ನಮ್ಮ: ತಲೆನೂ ಸ್ವಲ್ಪ ತಿರುಗ್ತಿದೆ.

ಏಕನಾಥ: ಕಲಾ, ಶಿ ಏಟ್ ರಾ ಎಗ್.

ಕಲಾವತಿ: ಡೋಂಟ್ ಸೇ ಎಗ್.

ಏಕನಾಥ: ಎಗ್ ಅನ್ನದೆ ಎಗ್ ವಿಷಯ ಡಾಕ್ಟರಿಗೆ ಹೇಗೆ ಹೇಳ್ಲಿ?

ಕಲಾವತಿ: ತಪ್ಪೆಲ್ಲ ಹಿಟ್ಟಿನ ಮೇಲೆ ಹಾಕಿ.

ಚೆನ್ನಮ್ಮ ಮಗನ ಮುಖ ಒಂದು ಸಲ, ಸೊಸೆಯ ಮುಖ ಒಂದು ಸಲ ನೋಡಿದರು. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟರು.

ಏಕನಾಥ: ಅಮ್ಮ, ಹಸಿ ಹಿಟ್ಟು ತಿನ್ನಬಾರ್ದು. ಅದರಲ್ಲಿ ಕಣ್ಣಿಗೆ ಕಾಣದ ಕ್ರಿಮಿಗಳಿರ್ತವೆ.

ಚೆನ್ನಮ್ಮ: ಪ್ರತಿ ಪಂಚಮಿಗೂ ಅಕ್ಕಿ ನೆನೆಸಿ, ಕುಟ್ಟಿ, ಹಸೀ ತಂಬಿಟ್ಟು ಮಾಡಿ ಕೊಟ್ಟಿದ್ದೀನಿ. ಅದನ್ನ ತಿಂದೇ ನೀನು ಎರಡು ಡಿಗ್ರಿ ಮಾಡಿದ್ದು.

ಏಕನಾಥ: ಅದು ಅಕ್ಕಿ. ಇದು ಮೈದಾ.

ಚೆನ್ನಮ್ಮ: ಕ್ರಿಮಿ ಅಕ್ಕಿ ಮುಟ್ಟಲ್ವಾ?

ಏಕನಾಥ: ಉಳಿದಿರೋದನ್ನ ಓವನ್ನಲ್ಲಿ ಬೇಯಿಸಿ ಕೊಡ್ತೀನಿ. ಹತ್ತೇ ನಿಮಿಷ.

ಚೆನ್ನಮ್ಮ: ಪಂಚಮಿ ದಿನ ಒಲೆ ಹಚ್ಚಲ್ಲ.

ಏಕನಾಥ: ಓವನ್ ಒಲೆ ಅಲ್ಲಮ್ಮ.

ಚೆನ್ನಮ್ಮ: ಕೈ ಇಟ್ರೆ ಸುಡುತ್ತೆ ತಾನೆ?

ಚೆನ್ನಮ್ಮ ಡಬ್ಬಿ ತೆರೆದರು. ಒಳಗೆ ಮೂರು ಉಂಡೆಗಳು, ಒಂದೊಂದರ ನೆತ್ತಿಗೂ ಕುಂಕುಮ. ಒಂದನ್ನು ತೆಗೆದು ಮಗನ ಅಂಗೈಯಲ್ಲಿಟ್ಟರು.

ಚೆನ್ನಮ್ಮ: ಪ್ರಸಾದ. ತಿನ್ನು.

ಏಕನಾಥ: ಆಮೇಲೆ ತಿಂತೀನಿ.

ಚೆನ್ನಮ್ಮ: ನಾಗಪ್ಪನ ಪ್ರಸಾದ ಆಮೇಲೆ ಅನ್ನೋದುಂಟಾ? ತಂಬಿಟ್ಟಲ್ಲಿ ಏನಾದ್ರೂ ಐಬಿದ್ರೆ ಹೇಳು.

ಏಕನಾಥ ಹೆಂಡತಿಯ ಕಡೆ ನೋಡಿದ. ಕಲಾವತಿಯ ಕಣ್ಣಲ್ಲಿ ನೀರು ತುಂಬಿತ್ತು. ಪಾಪ, ಏನು ಮಾಡಿಯಾನು? ಉಂಡೆಯನ್ನು ಕಣ್ಣಿಗೊತ್ತಿಕೊಂಡು, ಗೋಡೆ ಗಡಿಯಾರ ನೋಡಿ ಹೊತ್ತು ಗುರುತು ಮಾಡಿಕೊಂಡು, ಬಾಯಿಗೆ ಹಾಕಿಕೊಂಡ. ಅಗಿಯಲಿಲ್ಲ, ನುಂಗಿದ. ಹನ್ನೊಂದು ವರ್ಷದಲ್ಲಿ ಅವನ ಮೇಲೆ ಅಷ್ಟು ಪ್ರೀತಿ ಉಕ್ಕಿದ್ದು ಕಲಾವತಿಗೆ ನೆನಪಿಲ್ಲ. ತನ್ನ ಪಾಲಿನದನ್ನು ತೆಗೆದುಕೊಂಡು ಅವಳೂ ತಿಂದಳು.

ಕಲಾವತಿ: ನೀವಿನ್ನು ಇದನ್ನ ತಿನ್ನಬೇಡಿ ಅತ್ತೆ. ಆಗ್ಲೇ ಅಷ್ಟು ತಿಂದಿದ್ದೀರಿ.

ಚೆನ್ನಮ್ಮ: ನಾನೆಲ್ಲಿ ತಿಂದೆ? ಉಪವಾಸ ಕಣಮ್ಮ. ಅದಕ್ಕೇ ಹೊಟ್ಟೆ ಚುರುಗುಟ್ತಿರೋದು. ತಗೊಂಡಿದ್ದು ನಾಗಪ್ಪನಿಗೆ ಇಡೋಕೆ. ಪ್ರಸಾದ ತಗೊಂಡು ಉಪವಾಸ ಬಿಡೋಣ ಅಂತ ಬಂದೆ.

ಏಕನಾಥ ಗಂಟಲು ಸವರಿಕೊಂಡ.

ಕಲಾವತಿ: ಮತ್ತೆ... ನಿಮ್ಮ ಉಂಡೆ?

ಚೆನ್ನಮ್ಮ: ನಂಗೆ ಬೇಡಮ್ಮ. ಅದ್ರಲ್ಲಿ ಎಗ್ ಇದ್ಯಂತಲ್ಲ.

ಕಲಾವತಿ ಫ್ರಿಜ್ಜಿನ ಬಾಗಿಲು ಮುಚ್ಚಿದಳು.

ಚೆನ್ನಮ್ಮ: ಎರಡು ತಿಂಗಳಿಂದ ಯಾವ ಅಂಗಡಿಗೆ ಹೋದ್ರೂ ನನ್ನ ಪಕ್ಕದಲ್ಲಿ ನಿಂತು “ನೋ ಎಗ್? ನೋ ಎಗ್?” ಅಂತ ಕೇಳ್ತೀರಿ. ಇಂಗ್ಲಿಷಲ್ಲಿ ನಾನು ಕಲಿತಿರೋದು ಅದೊಂದೇ ಮಾತು.

ಕಲಾವತಿ: ತಪ್ಪಾಯ್ತು ಅತ್ತೆ. ನಿಮಗೆ ಸುಳ್ಳು ಹೇಳ್ದೆ. ನಾಗಪ್ಪನಿಗೂ ಮೊಟ್ಟೆ ಇಡಿಸಿಬಿಟ್ಟೆ.

ಚೆನ್ನಮ್ಮ ಉಪವಾಸ ಬಿಡಲು ಕಟ್ಟೆಯ ಮೇಲಿದ್ದ ಬಾಳೆಹಣ್ಣು ತೆಗೆದು, ಸಿಪ್ಪೆ ಸುಲಿಯುತ್ತ ಕುರ್ಚಿಯಲ್ಲಿ ಕೂತರು.

ಚೆನ್ನಮ್ಮ: ಐವತ್ತು ವರ್ಷದಿಂದ ಅವನಿಗೆ ಅಕ್ಕಿ, ಬೆಲ್ಲ ಇಡ್ತಾ ಬಂದಿದ್ದೀನಿ. ಒಂದು ಸಲಾನೂ ಮುಟ್ಟಿದ್ದಿಲ್ಲ. ಇವತ್ತು ಎರಡು ಉಂಡೆ ಇಟ್ಟು ಬಂದೆ. ಅರ್ಧ ಗಂಟೆ ಬಿಟ್ಟು ಹೋಗಿ ನೋಡ್ತೀನಿ, ಎಲೆ ಖಾಲಿ. ನಾಳೆಯಿಂದ ಆ ಹಿಟ್ಟನ್ನ ಕರಿಬೇವಿನ ಪಕ್ಕ ಇಡಬೇಡ, ಕರಿಬೇವು ಸಾರಿಗೆ ಬೇಕಾಗುತ್ತೆ.

ಸಾರು ಎಂಬ ಮಾತು ಕೇಳಿ ಕಲಾವತಿಗೆ ಹೋದ ಜೀವ ಬಂದ ಹಾಗಾಯಿತು.

ಏಕನಾಥ: ಅಮ್ಮ, ಎಗ್ ಇದೆ ಅಂತ ಗೊತ್ತಿದ್ದೂ ನನಗ್ಯಾಕೆ ತಿನ್ನಿಸ್ದೆ? ಹಸಿ ಮೊಟ್ಟೆ ಎಷ್ಟು ಡೇಂಜರ್ ಗೊತ್ತಾ?

ಚೆನ್ನಮ್ಮ: ನಾಗಪ್ಪ ಯಾವತ್ತು ಬೇಯಿಸ್ಕೊಂಡು ತಿಂದಿದ್ದಾನೆ?